ಅಳತೆ ಇಲ್ಲ, ಎಲ್ಲವೂ ಅಂದಾಜು: ಹೈದರಾಬಾದ್ ಊಟದ ನೆನಪುಗಳು ಪುಸ್ತಕವಾದ ಬಗೆ

ಹೈದರಾಬಾದ್: ಉಪ್ಪು ಎಷ್ಟು, ಖಾರ ಎಷ್ಟು ಎಂದು ಕೇಳಿದರೆ ಹಿಂದಿನ ತಲೆಮಾರಿನ ಅಜ್ಜಿಯರ ಉತ್ತರ ಒಂದೇ: 'ಅಂದಾಜು'. ಹೈದರಾಬಾದಿನ ಉರ್ದು ಮನೆಗಳಲ್ಲೂ ಕಲಬುರಗಿಯ ಕನ್ನಡ ಮನೆಗಳಲ್ಲೂ ಬಳಕೆಯಲ್ಲಿರುವ ಮಾತಿದು. ಆದರೆ ಅಂದಾಜು ಗೊತ್ತಿದ್ದ ಕೈ ಇಲ್ಲವಾದ ದಿನ ಆ ರುಚಿಯೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ಒಂದು ದಾರಿ 'ಫುಡ್ ಮೆಮೊಯರ್', ಅಂದರೆ ಊಟದ ಮೂಲಕ ಹೇಳುವ ಬದುಕಿನ ಕಥೆ.

ಅಡುಗೆ ಪುಸ್ತಕಕ್ಕಿಂತ ಹೇಗೆ ಭಿನ್ನ?

ಅಡುಗೆ ಪುಸ್ತಕ ಬಘಾರ ಬೈಂಗನ್ ಮಾಡುವ ವಿಧಾನ ಹೇಳುತ್ತದೆ. ಅದನ್ನು ಯಾರು ಮಾಡುತ್ತಿದ್ದರು, ಯಾರಿಂದ ಕಲಿತರು, ದಸ್ತರ್‌ಖಾನ್ ಸುತ್ತ ಯಾರೆಲ್ಲ ಕೂರುತ್ತಿದ್ದರು ಎಂಬುದನ್ನು ಹೇಳುವುದು ಮೆಮೊಯರ್. ಒಂದು ಪದಾರ್ಥ ಮದುವೆಯ ದಿನವನ್ನು, ಇನ್ನೊಂದು ತೀರಿಹೋದ ತಾಯಿಯನ್ನು ಕಣ್ಮುಂದೆ ತರಬಹುದು. ವಾಸನೆಯ ಸಂಕೇತಗಳು ಮೆದುಳಿನಲ್ಲಿ ನೆನಪು ಮತ್ತು ಭಾವನೆಗಳ ಭಾಗಗಳನ್ನು ಹತ್ತಿರದ ದಾರಿಯಲ್ಲೇ ತಲುಪುವುದು ಇದಕ್ಕೊಂದು ಕಾರಣ.

ಅರಮನೆಯಿಂದ ಮನೆಯತ್ತ

2019ರಲ್ಲಿ ಯುನೆಸ್ಕೊ ಹೈದರಾಬಾದನ್ನು ಆಹಾರ ಸಂಸ್ಕೃತಿಗಾಗಿ 'ಸೃಜನಶೀಲ ನಗರ'ಗಳ ಪಟ್ಟಿಗೆ ಸೇರಿಸಿತು. ಇಲ್ಲಿನ ಅಡುಗೆ ಪುಸ್ತಕವಾಗಿದ್ದು ಅದಕ್ಕೂ ಮುಂಚೆ. ಪ್ರತಿಭಾ ಕರಣ್ ಅವರ 'ಎ ಪ್ರಿನ್ಸ್‌ಲಿ ಲೆಗಸಿ' 1998ರಲ್ಲಿ ಬಂತು. ಹೆಸರೇ ಹೇಳುವಂತೆ ಅದು ರಾಜಮನೆತನದ ಪರಂಪರೆಯ ಅಡುಗೆ. 2018ರಲ್ಲಿ ಪ್ರಕಟವಾದ ಡೊರೀನ್ ಹಸನ್ ಅವರ 'ಸ್ಯಾಫ್ರನ್ ಅಂಡ್ ಪರ್ಲ್ಸ್' ಮಾತ್ರ ಕುಟುಂಬ, ಸ್ನೇಹ ಮತ್ತು ತಲೆಮಾರಿನಿಂದ ಬಂದ ಅಡುಗೆಗಳ ನೆನಪಿನ ಪುಸ್ತಕ ಎಂದೇ ತನ್ನನ್ನು ಪರಿಚಯಿಸಿಕೊಂಡಿತು.

ಪುಸ್ತಕಕ್ಕೆ ಬಾರದ ತಟ್ಟೆಗಳು

ಆದರೆ ಹೈದರಾಬಾದ್ ರಾಜ್ಯ ಎಂದರೆ ಬಿರಿಯಾನಿ ಮಾತ್ರವಲ್ಲ. 1956ರವರೆಗೆ ಮರಾಠವಾಡ ಹಾಗೂ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಮರಾಠವಾಡದ ದಲಿತರ ಊಟವನ್ನು ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಬರೆದರು. 'ಅನ್ನ ಪೂರ್ಣಬ್ರಹ್ಮ' ಎಂಬ ನಂಬಿಕೆಯನ್ನೇ ಪ್ರಶ್ನಿಸಿ ಪುಸ್ತಕಕ್ಕೆ 'ಅನ್ನ ಹೇ ಅಪೂರ್ಣಬ್ರಹ್ಮ' ಎಂದು ಹೆಸರಿಟ್ಟರು. ಎಣ್ಣೆ, ತುಪ್ಪ, ಹಾಲು ಕೈಗೆಟುಕದ ಮನೆಗಳ ಅಡುಗೆಯದು. 2024ರಲ್ಲಿ ಇಂಗ್ಲಿಷ್‌ಗೂ ಬಂತು. ಯಾರ ಊಟ ದಾಖಲಾಗುತ್ತದೆ, ಯಾರದು ಮರೆಯಾಗುತ್ತದೆ ಎಂಬುದೂ ಇತಿಹಾಸವೇ ಎಂಬುದನ್ನು ಈ ಪುಸ್ತಕ ನೆನಪಿಸುತ್ತದೆ.

ನಮ್ಮ ಮನೆಯ ಅಡುಗೆ

ಕಲ್ಯಾಣ ಕರ್ನಾಟಕದ ಬದನೆಕಾಯಿ ಎಣ್ಣೆಗಾಯಿಗೂ ಹೈದರಾಬಾದಿನ ಬಘಾರ ಬೈಂಗನ್‌ಗೂ ಶೇಂಗಾ, ಎಳ್ಳು, ಹುಣಸೆಹಣ್ಣು ಬೇಕು. ಗಡಿ ಬದಲಾದರೂ ಒಗ್ಗರಣೆ ಉಳಿದಿದೆ. ಅದನ್ನು ಮಾಡುವ ಅಜ್ಜಿ, ಅತ್ತೆ, ದೊಡ್ಡಮ್ಮನನ್ನು ಈಗಲೇ ಕೇಳಿ ಬರೆದಿಟ್ಟುಕೊಂಡರೆ ಅದೇ ಮೊದಲ ಪುಟ. ಮಸಾಲೆಯ ಪಟ್ಟಿಯ ಜೊತೆ ಅವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನೂ ಬರೆಯಬೇಕು. ಅಳತೆ ಕೇಳಿದಾಗ 'ಅಂದಾಜು' ಎಂದರೆ, ಅದನ್ನೂ ಹಾಗೆಯೇ ಬರೆದುಕೊಳ್ಳಬೇಕು.