ಬಣ್ಣ ಬೀಸುವ ಹಿಮ

ಕೆನಡಾದ ಜಾಸ್ಪರ್‌ನಿಂದ ಲೇಕ್ ಲೂಯಿಸ್‌ವರೆಗೆ ರಾಕಿ ಪರ್ವತಗಳ ಮಡಿಲಲ್ಲಿ ಸಾಗುವ ಸುಮಾರು 230 ಕಿ.ಮೀ. ಹೆದ್ದಾರಿಯೇ ಐಸ್‌ಫೀಲ್ಡ್ಸ್ ಪಾರ್ಕ್‌ವೇ. ದಾರಿಯ ಮಧ್ಯೆ ಒಂದು ತಿರುವು ದಾಟಿದರೆ ಸಾಕು, ಎರಡು ಬೆಟ್ಟಗಳ ಸಂದಿನಿಂದ ಅಥಬಾಸ್ಕ ಹಿಮನದಿ ಇಳಿದುಬರುವುದು ಕಾಣುತ್ತದೆ. ಮೇಲಿರುವ ಕೊಲಂಬಿಯಾ ಹಿಮಬಯಲು ಇದರ ತವರು. ಉದ್ದ ಸುಮಾರು ಆರು ಕಿ.ಮೀ.

ವಾಹನ ನಿಲ್ಲಿಸಿ ನಡೆದರೆ ಕಾಲಡಿಗೆ ಸಿಗುವುದು ಹಿಮವಲ್ಲ, ಬೋಳು ಜಲ್ಲಿ. ನಡುನಡುವೆ ಇಸವಿ ಬರೆದ ಫಲಕಗಳು. 1982ರಲ್ಲಿ ಹಿಮದ ಅಂಚು ಇಲ್ಲಿತ್ತು, 1992ರಲ್ಲಿ ಅಲ್ಲಿತ್ತು. ಫಲಕದಿಂದ ಫಲಕಕ್ಕೆ ಏರುತ್ತಾ ಹೋದಂತೆ ಏದುಸಿರು, ಹಿಮವಿನ್ನೂ ಮುಂದೆಯೇ. ಕಳೆದ 125 ವರ್ಷಗಳಲ್ಲಿ ಅದು ಸುಮಾರು ಒಂದೂವರೆ ಕಿ.ಮೀ. ಹಿಂದೆ ಸರಿದಿದೆ.

ದಾರಿಯಲ್ಲಿ ಸಿಗುವ ಹಾಸುಬಂಡೆಗೆ ಬೆರಳಾಡಿಸಿ ನೋಡಿ: ಒಂದೇ ದಿಕ್ಕಿಗೆ ಎಳೆದ ನೂರಾರು ಗೀರುಗಳು. ಹಿಮನದಿ ತನ್ನ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಬಂಡೆಗೆ ಉಜ್ಜುತ್ತಾ ಜಾರುತ್ತದೆ. ಅದೊಂದು ದೈತ್ಯ ಬೀಸುಕಲ್ಲು. ಬೀಸಿದ ಹಿಟ್ಟು ಕರಗಿದ ನೀರಿನೊಡನೆ ಹೊರಬರುತ್ತದೆ. ಬುಡದಲ್ಲಿ ಹರಿಯುವ ಬೂದುಬಣ್ಣದ ನೀರನ್ನು ಬೊಗಸೆಯಲ್ಲಿ ಹಿಡಿದರೆ ಅಂಗೈ ಗೆರೆಗಳಲ್ಲಿ ನಯವಾದ ಕೆಸರು ಕೂರುತ್ತದೆ.

ಇಂಥದೇ ಹಿಟ್ಟು ಇನ್ನೊಂದೆಡೆ ಏನು ಮಾಡುತ್ತದೆಂದು ನೋಡಬೇಕಾದರೆ ದಕ್ಷಿಣಕ್ಕೆ ಹೋಗಬೇಕು, ಪೇಟೊ ಸರೋವರಕ್ಕೆ. ಬೋ ಸಮಿಟ್‌ನ ಕಾಡುದಾರಿ ಹತ್ತಿ ಅಟ್ಟಣೆಗೆ ಬಂದು ಕೆಳಗೆ ಕಣ್ಣು ಹಾಯಿಸಿದರೆ, ಕಡುಹಸಿರು ಫರ್ ಮರಗಳ ನಡುವೆ ತೋಳದ ತಲೆಯಾಕಾರದ ನೀರು. ಹಸಿರೋ ನೀಲಿಯೋ ಎಂದು ಹೇಳಲಾಗದ, ಹಾಲು ಬೆರೆಸಿದಂಥ ಬಣ್ಣ. ಫೋಟೊದಲ್ಲಿ ನೋಡಿ ಯಾರೋ ಬಣ್ಣ ತಿದ್ದಿದ್ದಾರೆ ಎಂದುಕೊಂಡವರೂ ಇಲ್ಲಿ ಸುಮ್ಮನಾಗುತ್ತಾರೆ.

ಸರೋವರಕ್ಕೆ ನೀರುಣಿಸುವುದು ಪೇಟೊ ಹಿಮನದಿ. ದಪ್ಪ ಕೆಸರು ತೊರೆ ಸೇರುವ ಬಾಯಲ್ಲೇ ತಂಗಿ ಬೂದು ದಿಬ್ಬವಾಗಿ ಹರಡಿಕೊಳ್ಳುತ್ತದೆ. ಅತಿ ಸಣ್ಣ ಕಣಗಳು ಮಾತ್ರ ತಳ ಸೇರದೆ ತೇಲುತ್ತಾ ಬಿಸಿಲಿನ ನೀಲಿ-ಹಸಿರನ್ನು ಚದುರಿಸುತ್ತವೆ. ಬೇಸಿಗೆಯ ಮೊದಲಲ್ಲಿ ಬಂದವರಿಗೆ ಈ ವೈಭವ ಪೂರ್ತಿ ಸಿಗುವುದಿಲ್ಲ. ಹಿಮ ಚೆನ್ನಾಗಿ ಕರಗುವ ಜುಲೈ, ಆಗಸ್ಟ್‌ನಲ್ಲೇ ಬಣ್ಣ ತುಂಬಿಕೊಳ್ಳುವುದು.

ಅಥಬಾಸ್ಕದ ನೀರು ಕೊನೆಗೆ ಆರ್ಕ್‌ಟಿಕ್ ಸಾಗರ ಸೇರಿದರೆ, ಪೇಟೊದ ನೀರು ಹಡ್ಸನ್ ಕೊಲ್ಲಿಯ ಹಾದಿ ಹಿಡಿಯುತ್ತದೆ. ದಾರಿ ಬೇರೆಯಾದರೂ ಎರಡರ ಪಾಡೂ ಒಂದೇ: ಪೇಟೊ ಹಿಮನದಿಯೂ ವೇಗವಾಗಿ ಕುಗ್ಗುತ್ತಿದೆ. ಅದು ಇಲ್ಲವಾದರೂ ಮಳೆ, ಚಳಿಗಾಲದ ಹಿಮ ಸರೋವರಕ್ಕೆ ನೀರು ತಂದಾವು. ಬಂಡೆ ಬೀಸಿ ಬಣ್ಣ ಕೊಡುವವರು ಮಾತ್ರ ಇರುವುದಿಲ್ಲ.