ಪೆಟ್ಟಿಗೊಂದು ಗೆರೆ, ಸೊಲ್ಲಿಗೊಂದು ಬಿಲ್ಲು

ಚಳ್ಳಕೆರೆಯ ಎಣ್ಣೆ ಗಿರಣಿಗಳ ಕಡೆಯಿಂದ ಸಂಜೆ ಗಾಳಿ ಬೀಸಿದರೆ ಶೇಂಗಾ ಹಿಂಡಿಯ ಬೆಚ್ಚನೆ ವಾಸನೆ ಮಹಡಿಯ ಪಾಠದ ಕೋಣೆಗೂ ನುಗ್ಗುತ್ತದೆ. ಚಾಪೆಯ ತುದಿಯಲ್ಲಿ ನೀವೂ ಕೂತು ಕೇಳಿ: ತೊಡೆಯ ಮೇಲೆ ಪೆಟ್ಟು, ಮೂರು ಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ. ಆದಿತಾಳ ತಟ್ಟುವ ಮಕ್ಕಳ ಕೈಯೆಲ್ಲ ಒಂದೇ, ಬಾಯಿ ಮಾತ್ರ ಒಬ್ಬೊಬ್ಬರದು ಒಂದೊಂದು ದಿಕ್ಕು.

ಎಲ್ಲರೂ ಎಡವಿದ್ದು ಒಂದು ಪುಟ್ಟ ಮುಕ್ತಾಯದಲ್ಲಿ. ತದಿಗಿಣತೊಂ ಅಂದರೆ 5 ಮಾತ್ರೆ, ಮೂರು ಸಲ ಹೇಳಿದರೆ 15. ಅಕ್ಷರಕ್ಕೆ 4ರಂತೆ ಆವರ್ತಕ್ಕೆ 32 ಮಾತ್ರೆ. ಸಮಕ್ಕೆ ಸರಿಯಾಗಿ ಬಂದು ಮುಟ್ಟಬೇಕಾದರೆ ಮೊದಲ ದ್ರುತದ ಪೆಟ್ಟು ಬಿದ್ದು ಒಂದು ಮಾತ್ರೆ ಕಳೆದ ಮೇಲೆ ಎತ್ತಿಕೊಳ್ಳಬೇಕು. ಮೇಷ್ಟ್ರು ಹಲಗೆಯ ಮೇಲೆ ಬರೆದಿದ್ದಾರೆ:

, ತ ದಿ ಗಿ | ಣ ತೊಂ ತ ದಿ | ಗಿ ಣ ತೊಂ ತ | ದಿ ಗಿ ಣ ತೊಂ ||

ಲೆಕ್ಕ ಚೊಕ್ಕವಾಗಿದೆ. ಆದರೆ ಗೆರೆ ಕಂಡಲ್ಲೆಲ್ಲ ನಿಂತು ನಿಂತು ಓದಿದ ಮಕ್ಕಳು 'ಣತೊಂತದಿ' ಎಂಬ ಹೊಸ ಸೊಲ್ಲನ್ನೇ ಹುಟ್ಟಿಸಿಬಿಟ್ಟರು. ಗೆರೆ ಅಳಿಸಿ ಐದೈದಾಗಿ ಬರೆದಾಗ ಸೊಲ್ಲು ನೆಟ್ಟಗಾಯಿತು, ಕೈ ದಾರಿ ತಪ್ಪಿತು.

ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿಯ ಬಳಿ ಬೇರೆ ಥರದ ಹಾಳೆಯಿತ್ತು. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ; ಅಂಚು, ಬುಟ್ಟಾಗಳ ಚಿತ್ರ ಬಿಡಿಸುವ ಚೌಕದ ಹಾಳೆಯನ್ನೇ ತಂದಿದ್ದಾಳೆ. ಮಾತ್ರೆಗೊಂದು ಚೌಕ, ನಾಲ್ಕು ಚೌಕಕ್ಕೊಂದು ದಪ್ಪ ಗೆರೆ, ಪ್ರತಿ 'ತ' ಮೇಲೂ ಕೆಂಪು ಚುಕ್ಕೆ.

"ಚುಕ್ಕೆ ಬ್ಯಾಡಮ್ಮ, ನಾಳೆ ಸ್ವರ ಬರೆದಾಗ ತಾರಸ್ಥಾಯಿ ಅಂದ್ಕಂಬಿಡ್ತಾರೆ."

"ಮ್ಯಾಲೆ ಗೆರೆ ಎಳೀಲಾ ಸಾರ್?"

"ಅದು ಎರಡನೇ ಕಾಲ ಆಗ್ತೈತೆ!"

ನಿಜವೇ. ಅಲ್ಪವಿರಾಮಕ್ಕೂ ಇಲ್ಲಿ ಒಂದು ಮಾತ್ರೆಯ ಬೆಲೆ. 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ತೆರೆದರೆ ಗಮಕಗಳಿಗೂ ಒಂದೊಂದು ಗುರುತು. ಅಕ್ಷರದ ನೆತ್ತಿಯ ಮೇಲೆ ಹೊಸಬರಿಗೆ ಜಾಗವೇ ಇಲ್ಲ ಅನ್ನಿ. ಕೊನೆಗೆ ಹುಡುಗಿ ಸಾಲಿನ ಕೆಳಗೆ, ದಪ್ಪ ಗೆರೆಗಳನ್ನು ದಾಟಿಕೊಂಡು, ಐದು ಚೌಕ ಅಗಲದ ಮೂರು ಬಿಲ್ಲು ಎಳೆದಳು. ಪೆಟ್ಟು ಗೆರೆಯಲ್ಲೇ ಉಳಿಯಿತು, ಸೊಲ್ಲು ಬಿಲ್ಲಿನೊಳಗೆ ಇಡಿಯಾಗಿ ಕೂತಿತು. ಓದಿದ್ದೂ ಹಾಗೆಯೇ: ಮೂರನೆಯ ತೊಂ ಮುಗಿಯುತ್ತಿದ್ದಂತೆ ಎಲ್ಲರ ಅಂಗೈ ಸಮಕ್ಕೆ ಒಟ್ಟಿಗೆ ಬಿತ್ತು.

ಮೇಷ್ಟ್ರು ಅಷ್ಟಕ್ಕೇ ಬಿಡುವವರಲ್ಲ. "ಇದನ್ನೇ ತಿಶ್ರ ನಡೆಗೆ ಬರೀರಿ" ಎಂದರು. ಈಗ ಆವರ್ತಕ್ಕೆ 24 ಮಾತ್ರೆ. 15 ಕಳೆದರೆ 9. ಹುಡುಗಿ ಮೂರು ಚೌಕಕ್ಕೊಂದು ದಪ್ಪ ಗೆರೆ ಎಳೆದು, ಎಣಿಸಿ, ಮೊದಲ 'ತ'ವನ್ನು ನಾಲ್ಕನೆಯ ಅಕ್ಷರದ ಬಾಗಿಲಲ್ಲೇ, ನಡುಬೆರಳು ಬೀಳುವಲ್ಲಿ ಬರೆದಳು.