ತೋಟದ ಶಾಲೆಗಳ ಲೆಕ್ಕಾಚಾರ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಪಟ್ಟಿಯನ್ನು ಓದಿದವರಿಗೆ ಒಂದು ವಿಶೇಷ ಎದ್ದು ಕಾಣುತ್ತದೆ. ಅನೇಕ ಕಿರಿಯ ಪ್ರಾಥಮಿಕ ಶಾಲೆಗಳ ಹೆಸರು ‘ತೋಟ’ ಎಂಬ ಪದದಿಂದ ಕೊನೆಗೊಳ್ಳುತ್ತದೆ. ಒಂದು ಮನೆತನದ ಅಡ್ಡಹೆಸರು, ಅದರ ಮುಂದೆ ತೋಟ. ಅದೇ ಶಾಲೆಯ ವಿಳಾಸ. ಈ ಸೀಮೆಯ ಬಹಳಷ್ಟು ರೈತ ಕುಟುಂಬಗಳು ಊರೊಳಗೆ ವಾಸಿಸದೆ ಹೊಲದಲ್ಲಿಯೇ ಮನೆ ಕಟ್ಟಿಕೊಂಡಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು, ಕಬ್ಬು ಮತ್ತು ಹೈನುಗಾರಿಕೆ ಅವರನ್ನು ಅಲ್ಲಿಯೇ ಹಿಡಿದಿಟ್ಟಿವೆ. ಜನ ಇರುವಲ್ಲಿಗೆ ಶಾಲೆಯೂ ಹೋಯಿತು. ಹೀಗೆ ಹುಟ್ಟಿದ ತೋಟದ ಶಾಲೆ ಸ್ವಭಾವತಃ ಚಿಕ್ಕದು. ಐದು ತರಗತಿ, ಒಂದೆರಡು ಕೊಠಡಿ, ಕೆಲವೇ ಡಜನ್ ಮಕ್ಕಳು.

ಇಂಥ ಶಾಲೆಗಳ ಮೇಲೆ ಈಗ ವಿಲೀನದ ನೆರಳು ಬಿದ್ದಿದೆ. ಇದು ಒಂದು ಪ್ರದೇಶದ ಮಾತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಉಲ್ಲೇಖಿಸಿರುವಂತೆ, 2016–17ರಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಶೇ 28ರಷ್ಟು ಶಾಲೆಗಳಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದರು. ಅದೇ ವರ್ಷ ದೇಶದಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳಿದ್ದವು. ಕರ್ನಾಟಕದಲ್ಲಿ 2011–12ರ ವೇಳೆಗೆ ಕಡಿಮೆ ಮಕ್ಕಳಿರುವ ಶಾಲೆಗಳನ್ನು ವಿಲೀನಗೊಳಿಸುವ ಪ್ರಸ್ತಾಪ ಬಂದಾಗ ತೀವ್ರ ವಿರೋಧ ವ್ಯಕ್ತವಾಗಿತ್ತು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ 2017ರಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಸುಮಾರು 1,300 ಶಾಲೆಗಳನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತ್ತು. ಹೆಸರು ಬದಲಾಗುತ್ತದೆ, ವಾದ ಬದಲಾಗುವುದಿಲ್ಲ: ಇಷ್ಟು ಕಡಿಮೆ ಮಕ್ಕಳಿಗಾಗಿ ಇಷ್ಟು ವೆಚ್ಚ ಏಕೆ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ಆದರೆ ಲೆಕ್ಕ ಪೂರ್ಣವಾಗಿರಬೇಕು. ಶಾಲೆಯೊಂದನ್ನು ಮುಚ್ಚಿದಾಗ ಇಲಾಖೆಯ ಖಾತೆಯಲ್ಲಿ ಉಳಿತಾಯವಾಗಿ ಕಾಣುವ ಮೊತ್ತದ ಒಂದು ಭಾಗ ಪಾಲಕರ ಖಾತೆಗೆ ವೆಚ್ಚವಾಗಿ ವರ್ಗವಾಗುತ್ತದೆ. ಮಗುವನ್ನು ದೂರದ ಶಾಲೆಗೆ ಬಿಟ್ಟು ಕರೆತರಲು ತಾಯಿ ಕಳೆಯುವ ಸಮಯ, ತಪ್ಪಿದ ಕೂಲಿ, ವಾಹನದ ಬಾಡಿಗೆ, ಇವು ಯಾವ ಕಡತದಲ್ಲಿಯೂ ನಮೂದಾಗುವುದಿಲ್ಲ. ಮಗು ಶಾಲೆಯನ್ನೇ ಬಿಟ್ಟರೆ ಆಗುವ ನಷ್ಟವಂತೂ ಯಾವ ಆಯವ್ಯಯದಲ್ಲಿಯೂ ಇಲ್ಲ. ದಾಖಲಾದ ಪ್ರತಿ ಮಗುವಿಗೆ ತಗಲುವ ವೆಚ್ಚ ಒಂದು ಅಳತೆ. ಓದುಬರಹ ಕಲಿತ ಪ್ರತಿ ಮಗುವಿಗೆ ತಗಲುವ ವೆಚ್ಚ ಇನ್ನೊಂದು. ನೀತಿ ನಿರೂಪಣೆಗೆ ಎರಡನೆಯದೇ ಮುಖ್ಯ.

ದೂರ ಎಂಬುದು ನಕಾಶೆಯ ಮೇಲಿನ ಗೆರೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ರೂಪಿಸಿದ ನಿಯಮಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುತ್ತವೆ. ಈ ಐದು ತಾಲ್ಲೂಕುಗಳಲ್ಲಿ ಒಂದು ಕಿಲೋಮೀಟರ್ ಎಂದರೆ ಮಳೆಗಾಲದಲ್ಲಿ ಕೆಸರಿನ ಬಂಡಿದಾರಿ, ತುಂಬಿ ಹರಿಯುವ ಹಳ್ಳ, ಕಾಲುವೆಯ ದಂಡೆ. ಕಬ್ಬು ಆಳೆತ್ತರ ಬೆಳೆದಾಗ ಎರಡೂ ಬದಿ ಏನೂ ಕಾಣದ ಕಾಲುದಾರಿ. ಕಾರ್ಖಾನೆಗಳ ಹಂಗಾಮು ಆರಂಭವಾದರೆ ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್‌ಗಳು. 2005, 2019 ಮತ್ತು 2021ರ ಪ್ರವಾಹಗಳಲ್ಲಿ ನದಿತೀರದ ಸಂಪರ್ಕ ರಸ್ತೆಗಳೇ ನೀರಿನಡಿ ಸೇರಿದ್ದವು. ಆರು ವರ್ಷದ ಮಗುವನ್ನು, ಅದರಲ್ಲಿಯೂ ಹೆಣ್ಣುಮಗುವನ್ನು, ಈ ದಾರಿಯಲ್ಲಿ ಒಬ್ಬಳನ್ನೇ ಕಳಿಸಲು ಯಾವ ತಾಯಿ ಒಪ್ಪಿಯಾಳು?

ಸಾಮೀಪ್ಯ ಒಂದು ಅನುಕೂಲ ಮಾತ್ರ. ಚಿಕ್ಕ ಶಾಲೆಯ ನಿಜವಾದ ಶಕ್ತಿ ಕಲಿಕೆಯಲ್ಲಿದೆ. ಮೂವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರಿದ್ದರೆ ಪ್ರತಿ ಮಗುವೂ ಶಿಕ್ಷಕರ ಕಣ್ಣಳತೆಯಲ್ಲಿರುತ್ತದೆ. ಯಾರಿಗೆ ಒತ್ತಕ್ಷರ ತೊಡಕಾಗಿದೆ, ಯಾರು ಕಳೆಯುವ ಲೆಕ್ಕದಲ್ಲಿ ದಶಕ ಮರೆಯುತ್ತಾರೆ, ಯಾರು ಬೆಳಿಗ್ಗೆ ಉಣ್ಣದೆ ಬಂದಿದ್ದಾರೆ ಎಂಬುದನ್ನು ತಿಳಿಯಲು ಪರೀಕ್ಷೆ ಬೇಕಾಗುವುದಿಲ್ಲ. ಎರಡು ದಿನ ಬಾರದ ಮಗುವಿನ ಮನೆ ಶಾಲೆಯ ಅಂಗಳದಿಂದಲೇ ಕಾಣುತ್ತದೆ. ಹಿಂದಿನ ಬೆಂಚು ಎಂಬುದೇ ಅಲ್ಲಿಲ್ಲ.

ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ 79 ಶಾಲೆಗಳಲ್ಲಿ ನಡೆದ ‘ಸ್ಟಾರ್’ ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧವಾದುದು. 13ರಿಂದ 17 ಮಕ್ಕಳಿದ್ದ ತರಗತಿಗಳು 22ರಿಂದ 25 ಮಕ್ಕಳಿದ್ದ ತರಗತಿಗಳಿಗಿಂತ ಓದು ಮತ್ತು ಗಣಿತದಲ್ಲಿ ಮುಂದಿದ್ದವು. ಕಪ್ಪು ವರ್ಣೀಯ ಮಕ್ಕಳಿಗೆ ಹೆಚ್ಚಿನ ಲಾಭವಾಯಿತು. ಅದು ತರಗತಿಯ ಗಾತ್ರ ಕುರಿತ ಅಧ್ಯಯನ, ನಿಜ. ಶಾಲೆಯ ಗಾತ್ರ ಕುರಿತು ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಕ್ಯಾನ್ಸಸ್‌ನ ಪ್ರೌಢಶಾಲೆಗಳಲ್ಲಿ ನಡೆಸಿದ ಅಧ್ಯಯನ 1964ರಲ್ಲಿಯೇ ಪ್ರಕಟವಾಗಿದೆ. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳು ಹೆಚ್ಚು. ಆದರೆ ಅವುಗಳಲ್ಲಿ ಹೊಣೆ ಹೊರುವ ಅವಕಾಶ ಸಿಗುವುದು ಚಿಕ್ಕ ಶಾಲೆಯ ವಿದ್ಯಾರ್ಥಿಗೆ ಎಂಬುದು ಅವರು ಕಂಡ ಸತ್ಯ. ನಮ್ಮ ತೋಟದ ಶಾಲೆಗೂ ಇದು ಅನ್ವಯಿಸುತ್ತದೆ. ಪ್ರಾರ್ಥನೆ ಹೇಳಿಕೊಡಲು, ಕೈತೋಟಕ್ಕೆ ನೀರು ಹಾಕಲು, ಸ್ವಾತಂತ್ರ್ಯ ದಿನದಂದು ಭಾಷಣ ಮಾಡಲು ಎಲ್ಲ ಮಕ್ಕಳೂ ಬೇಕಾಗುತ್ತಾರೆ. ನಾಚಿಕೆಯ ಮಗುವಿಗೂ ಸರದಿ ಬಂದೇ ಬರುತ್ತದೆ.

ಒಂದೇ ಕೊಠಡಿಯಲ್ಲಿ ಹಲವು ತರಗತಿಗಳು ಕುಳಿತರೆ ಕಲಿಕೆ ಹೇಗೆ ಸಾಧ್ಯ ಎಂಬ ಆಕ್ಷೇಪವಿದೆ. ಉತ್ತರ ನಮ್ಮಲ್ಲಿಯೇ ಇದೆ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ–ಕಲಿ’, 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಕಲಿಕೆಯ ಏಣಿ, ಕಾರ್ಡುಗಳು, ಗುಂಪು ತಟ್ಟೆಗಳ ಈ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಸಾಗುತ್ತದೆ. ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತ ತಾನೂ ಗಟ್ಟಿಯಾಗುತ್ತದೆ. ಕೊಲಂಬಿಯಾ ದೇಶ 1970ರ ದಶಕದಲ್ಲಿ ತನ್ನ ಹಳ್ಳಿಗಳ ಬಹುತರಗತಿ ಶಾಲೆಗಳಿಗಾಗಿ ರೂಪಿಸಿದ ‘ಎಸ್ಕುವೆಲಾ ನುಯೆವಾ’ ಪದ್ಧತಿಯೂ ಇಂಥದ್ದೇ. ಅದು ಮುಂದೆ ಅನೇಕ ದೇಶಗಳಿಗೆ ಮಾದರಿಯಾಯಿತು.

ಗಡಿಭಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲಿವೆ. ಕೇವಲ ತಲೆ ಎಣಿಸಿ ವಿಲೀನ ಮಾಡಿದರೆ ಮುಚ್ಚುವುದು ಒಂದು ಕಟ್ಟಡವಷ್ಟೇ ಅಲ್ಲ, ಒಂದು ಮಾಧ್ಯಮ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಶ್ರಮಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳು ಉಳಿಯಬೇಕೆಂದು ನಾವು ಯಾವ ನ್ಯಾಯದಿಂದ ಕೇಳುತ್ತೇವೋ ಅದೇ ನ್ಯಾಯ ನಮ್ಮ ಒಳಗಿನ ಚಿಕ್ಕ ಶಾಲೆಗಳಿಗೂ ಸಲ್ಲಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡನ್ನು ಬಲ್ಲವರಿಗೆ, ಶಾಲೆಯೊಂದು ತೆರೆಯುವುದು ಎಷ್ಟು ಕಷ್ಟ, ಮುಚ್ಚುವುದು ಎಷ್ಟು ಸುಲಭ ಎಂಬುದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಚಿಕ್ಕದೆಲ್ಲವೂ ಚೆನ್ನ ಎನ್ನುವುದು ಭಾವುಕತೆಯಾದೀತು. ಯೋಜಿತವಾಗಿ ಚಿಕ್ಕದಾದ ಶಾಲೆ ಬೇರೆ, ಅಲಕ್ಷ್ಯದಿಂದ ಚಿಕ್ಕದಾದ ಶಾಲೆ ಬೇರೆ. ಒಬ್ಬರೇ ಶಿಕ್ಷಕರು ಐದು ತರಗತಿ ನಡೆಸುತ್ತ, ಬಿಸಿಯೂಟದ ಲೆಕ್ಕ ಬರೆಯುತ್ತ, ಸಭೆಗೆ ಹೋದ ದಿನ ಬೀಗ ಬೀಳುವ ಶಾಲೆಯಲ್ಲಿ ಮೇಲೆ ಹೇಳಿದ ಯಾವ ಪ್ರಯೋಜನವೂ ಉಳಿಯುವುದಿಲ್ಲ. ಅಂಥ ಶಾಲೆಯಿಂದ ಪಾಲಕರು ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಯ ವ್ಯಾನು ಹತ್ತಿಸಿದರೆ ಅವರನ್ನು ದೂರುವಂತಿಲ್ಲ. ಶಿಕ್ಷಕರಿಲ್ಲದ್ದರಿಂದ ಮಕ್ಕಳು ಕಡಿಮೆಯಾಗುತ್ತಾರೆ. ಮಕ್ಕಳು ಕಡಿಮೆ ಎಂದು ಶಿಕ್ಷಕರನ್ನು ಕೊಡುವುದಿಲ್ಲ. ಈ ವಿಷವರ್ತುಲದ ಕೊನೆಯ ಸುತ್ತಿನಲ್ಲಿ ವಿಲೀನದ ಆದೇಶ ಬರುತ್ತದೆ.

ಮಾಡಬೇಕಾದುದು ಏನು? ಮೊದಲನೆಯದು, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪಾಲನೆ. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕೆಂದು ಅದು ವಿಧಿಸಿದೆ. ಏಕೋಪಾಧ್ಯಾಯ ಶಾಲೆ ಬಡತನದ ಲಕ್ಷಣವಲ್ಲ, ಕಾಯ್ದೆಯ ಉಲ್ಲಂಘನೆ. ಎರಡನೆಯದು, ಹಂಚಿಕೊಳ್ಳುವಿಕೆ. 1964–66ರ ಕೊಠಾರಿ ಆಯೋಗ ಸೂಚಿಸಿದ, 2020ರ ನೀತಿ ಮತ್ತೆ ಎತ್ತಿಕೊಂಡಿರುವ ಶಾಲಾ ಸಂಕೀರ್ಣದ ಕಲ್ಪನೆಯಂತೆ, ಕ್ಲಸ್ಟರಿನ ಐದಾರು ತೋಟದ ಶಾಲೆಗಳಿಗೆ ಇಂಗ್ಲಿಷ್, ಸಂಗೀತ, ಕ್ರೀಡೆಯ ಒಬ್ಬೊಬ್ಬ ಶಿಕ್ಷಕರು ಸರದಿಯ ಮೇಲೆ ಹೋಗಬಹುದು. ಗ್ರಂಥಾಲಯದ ಪೆಟ್ಟಿಗೆಯೂ ಸುತ್ತಬಹುದು. ಶಿಕ್ಷಕರಿಗೆ ಬೈಕು ಇದೆ, ಮಗುವಿಗೆ ಇರುವುದು ಕಾಲು. ಮೂರನೆಯದು, ಕಡತದ ಕೆಲಸವನ್ನು ಕ್ಲಸ್ಟರ್ ಮಟ್ಟಕ್ಕೆ ಒಯ್ಯುವುದು.

ಕೊನೆಯದಾಗಿ, ವಿಲೀನ ಅನಿವಾರ್ಯವೆನಿಸಿದ ಕಡೆ ಅಧಿಕಾರಿಯೊಬ್ಬರು ಮಳೆಗಾಲದ ಒಂದು ದಿನ ಮತ್ತು ಕಬ್ಬಿನ ಹಂಗಾಮಿನ ಒಂದು ದಿನ ಆ ದಾರಿಯನ್ನು ನಡೆದು ನೋಡಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಲಿಖಿತ ಅಭಿಪ್ರಾಯ ಪಡೆಯಲಿ. ವಾಹನದ ವ್ಯವಸ್ಥೆ ಮೊದಲಾಗಲಿ, ಆದೇಶ ಆಮೇಲೆ ಬರಲಿ. ವಿಲೀನವನ್ನು ಬಹಳ ವಿವೇಚನೆಯಿಂದ, ಮಕ್ಕಳ ಪ್ರವೇಶಾವಕಾಶಕ್ಕೆ ಧಕ್ಕೆಯಾಗದಿದ್ದರೆ ಮಾತ್ರ ಮಾಡಬೇಕೆಂದು ರಾಷ್ಟ್ರೀಯ ನೀತಿಯೇ ಎಚ್ಚರಿಸಿದೆ. ಆ ಎಚ್ಚರಿಕೆಯನ್ನು ಪಾಲಿಸಲು ಹೊಸ ಅನುದಾನ ಬೇಕಿಲ್ಲ, ಒಂದಿಷ್ಟು ನಡಿಗೆ ಸಾಕು.